ದಾವಣಗೆರೆಯಿಂದ ಇಂಗ್ಲೆಂಡಿಗೆ ಬಂದವರಿಗೆ: ಮೊದಲು ಬಾಯ್ಲರ್ ಕಲಿಯಿರಿ

ನಮ್ಮ ದಾವಣಗೆರೆ ಮನೆಗಳಲ್ಲಿ ಕರೆಂಟು ಉಳಿಸುವ ಪಾಠ ಒಂದೇ. ರೂಮಿನಿಂದ ಹೊರಗೆ ಬರುವಾಗ ಲೈಟು, ಫ್ಯಾನು ಆರಿಸು. ಜೊತೆಗೆ ಗೃಹಜ್ಯೋತಿಯ 200 ಯೂನಿಟ್ ದಾಟಬಾರದು ಅನ್ನುವ ಎಚ್ಚರ. ಅಷ್ಟನ್ನೇ ನಂಬಿಕೊಂಡು ಇಲ್ಲಿಗೆ ಬಂದವರು ಮೊದಲ ಚಳಿಗಾಲದ ಬಿಲ್ಲು ನೋಡಿ ಗಾಬರಿಯಾಗುತ್ತಾರೆ. ಇಲ್ಲಿ ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ ಹೋಗುವುದು ಮನೆ ಬೆಚ್ಚಗಿಡುವುದಕ್ಕೆ, ನೀರು ಕಾಯಿಸುವುದಕ್ಕೆ. ಬಹುತೇಕ ಮನೆಗಳಲ್ಲಿ ಎರಡೂ ಕೆಲಸ ಗ್ಯಾಸ್ ಬಾಯ್ಲರಿನದೇ.

ಸ್ಮಾರ್ಟ್ ಮೀಟರ್ ಜೊತೆ ಕೊಡುವ ಪುಟ್ಟ ಡಿಸ್‌ಪ್ಲೇ ಒಳ್ಳೆಯ ಮೇಷ್ಟ್ರು. ಆದರೆ ಅದನ್ನು ಓದುವುದು ಗೊತ್ತಿರಬೇಕು. ಕೆಟಲ್ ಹಾಕಿದ ಕೂಡಲೇ ಕೆಂಪು ದೀಪ ಬರುತ್ತದೆ, ಮನೆಯವರೆಲ್ಲ ಚಹಾ ಮಾಡಿದವರನ್ನು ಬೈಯುತ್ತಾರೆ. ಮೂರು ಕಿಲೋವ್ಯಾಟ್ ಕೆಟಲ್ ನಾಲ್ಕು ನಿಮಿಷ ಉರಿದರೆ ಖರ್ಚು 0.2 ಯೂನಿಟ್ ಅಷ್ಟೇ. ಹೆಚ್ಚಿನ ಡಿಸ್‌ಪ್ಲೇಗಳಲ್ಲಿ ಆ ದೀಪ ಕರೆಂಟಿಗೆ ಮಾತ್ರ. ಗ್ಯಾಸಿನ ಲೆಕ್ಕ ಅರ್ಧ ಗಂಟೆಗೊಮ್ಮೆ ಬದಲಾಗುತ್ತದೆ. 24 ಕಿಲೋವ್ಯಾಟ್ ಬಾಯ್ಲರ್ ಪೂರ್ತಿ ಉರಿಯುತ್ತಿದ್ದರೂ ದೀಪ ಹಸಿರಾಗೇ ಇರಬಹುದು. ಆದ್ದರಿಂದ ದೀಪ ಬಿಡಿ, ಗ್ಯಾಸಿನ ದಿನದ ಖರ್ಚು ನೋಡಿ.

ಎನರ್ಜಿ ಸೇವಿಂಗ್ ಟ್ರಸ್ಟ್ ಸಂಸ್ಥೆಯ ಸಲಹೆಗಳನ್ನು ಪುಕ್ಕಟೆ ಓದಬಹುದು. ಮಕ್ಕಳ ಶಾಲೆ ಇಕೋ-ಸ್ಕೂಲ್ಸ್ ಅನ್ನುವ ಪರಿಸರ ಕಾರ್ಯಕ್ರಮದಲ್ಲಿದ್ದರೆ ಅವರೂ ಇದೇ ವಿಷಯದ ಹಾಳೆಗಳನ್ನು ಮನೆಗೆ ತರಬಹುದು. ಆ ಹಾಳೆಗಳನ್ನು ದಯವಿಟ್ಟು ಮಕ್ಕಳ ಜೊತೆ ಕೂತು ಓದಿ.

ಬಾಯ್ಲರ್ ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಿ. ಕಾಂಬಿ ಆದರೆ ನೀರಿನ ಟ್ಯಾಂಕ್ ಇರುವುದಿಲ್ಲ, ನಲ್ಲಿ ತಿರುಗಿಸಿದಾಗಲೇ ನೀರು ಕಾಯುತ್ತದೆ. ಊರಿನ ಗೀಸರ್ ಹಾಗೆ ಅರ್ಧ ಗಂಟೆ ಮೊದಲೇ ಹಾಕುವುದು ಬೇಡ. ರೇಡಿಯೇಟರಿಗೆ, ಅಂದರೆ ಕೋಣೆ ಬೆಚ್ಚಗಿಡುವ ಗೋಡೆಯ ಫಲಕಕ್ಕೆ, ಹೋಗುವ ನೀರಿನ ಬಿಸಿಯನ್ನು 60 ಡಿಗ್ರಿಗೆ ಇಳಿಸಿದರೆ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿ ಹೋಗುವ ಶಾಖವನ್ನೂ ಹಿಡಿದುಕೊಳ್ಳುತ್ತದೆ. ಮನೆಯ ಬಿಸಿ ಕಡಿಮೆಯಾಗುವುದಿಲ್ಲ, ಏರುವುದಕ್ಕೆ ಸ್ವಲ್ಪ ಹೊತ್ತು ಬೇಕು. ಟ್ಯಾಂಕ್ ಇರುವ ಮನೆಯಲ್ಲಿ ಮಾತ್ರ ಹುಷಾರು: ಟ್ಯಾಂಕಿನ ನೀರು 60ಕ್ಕಿಂತ ಕೆಳಗಿದ್ದರೆ ಶ್ವಾಸಕೋಶದ ಕಾಯಿಲೆ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ಬಾಗಿಲ ಸಂದಿಯ ತಣ್ಣನೆ ಗಾಳಿ ತಡೆಯಿರಿ. ಕಿಟಕಿ ಮೇಲಿನ ಸಣ್ಣ ಗಾಳಿಗಂಡಿ ಮಾತ್ರ ಮುಚ್ಚಬೇಡಿ. ನಾವು ದಿನಾ ಅನ್ನ, ಸಾರು ಕುದಿಸುವವರು. ಆ ಹಬೆ, ಒಳಗೆ ಒಣಗಿಸುವ ಬಟ್ಟೆಯ ತೇವ ಹೊರಗೆ ಹೋಗದಿದ್ದರೆ ಗೋಡೆಗೆ ಕಪ್ಪು ಬೂಸ್ಟು ಹಿಡಿಯುತ್ತದೆ.

ಗ್ಯಾಸ್, ಕರೆಂಟ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಆಫ್‌ಜೆಮ್ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಪ್ರೈಸ್ ಕ್ಯಾಪ್, ಅಂದರೆ ದರದ ಮಿತಿಯ ಬಗ್ಗೆ ತುಂಬ ಜನ ತಪ್ಪು ತಿಳಿದಿದ್ದಾರೆ. ಅದು ಒಟ್ಟು ಬಿಲ್ಲಿಗೆ ಹಾಕಿದ ಮಿತಿ ಅಲ್ಲ. ಯೂನಿಟ್ ದರಕ್ಕೆ, ಬಳಸಿದರೂ ಬಿಟ್ಟರೂ ಕಟ್ಟಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ ಮಾತ್ರ. ಜಾಸ್ತಿ ಉರಿಸಿದರೆ ಜಾಸ್ತಿ ಕಟ್ಟಲೇಬೇಕು.

ಬಾಡಿಗೆ ಮನೆ ಹುಡುಕುವಾಗ ಅದರ ಇಪಿಸಿ, ಅಂದರೆ ಮನೆಯ ಇಂಧನ ದಕ್ಷತೆಯ ಪ್ರಮಾಣಪತ್ರ, ಕೇಳಿ. ಎ ಇಂದ ಜಿ ವರೆಗೆ ದರ್ಜೆ, ಎ ಅತ್ಯುತ್ತಮ. ವಿನಾಯಿತಿ ಇಲ್ಲದಿದ್ದರೆ ಇ ದರ್ಜೆಗಿಂತ ಕೆಳಗಿನ ಮನೆ ಬಾಡಿಗೆಗೆ ಕೊಡುವ ಹಾಗಿಲ್ಲ.

ಊರಿಂದ ಅಪ್ಪ-ಅಮ್ಮ ಬಂದಿದ್ದರೆ ಉಳಿತಾಯದ ಹೆಸರಲ್ಲಿ ಮನೆಯ ಬಿಸಿ ಹೊಂದಿಸುವ ಥರ್ಮೋಸ್ಟಾಟ್ 18 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಮನೆಯಲ್ಲಿ ವಯಸ್ಸಾದವರೋ ಐದು ವರ್ಷದೊಳಗಿನ ಮಕ್ಕಳೋ ವಾಸವಿದ್ದರೆ ಗ್ಯಾಸ್, ಕರೆಂಟ್ ಕಂಪನಿಗೆ ಫೋನ್ ಮಾಡಿ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರಿಗೆ ಸೇರಿಸಲು ಕೇಳಿ. ಕರೆಂಟು ಹೋದಾಗ ಅಂಥ ಮನೆಗಳಿಗೆ ಮೊದಲು ನೆರವು ಸಿಗುತ್ತದೆ, ಅದಕ್ಕೆ ದುಡ್ಡಿಲ್ಲ.