ಆಗುಂಬೆ ಘಾಟಿ ಇಳಿಯುವವರಿಗೆ

ಆಗುಂಬೆಯಿಂದ ಸೋಮೇಶ್ವರದ ಕಡೆ ಕಾರಲ್ಲಿ ಹೋಗೋದಾದ್ರೆ ಬೆಳಗ್ಗೆ ಬೇಗ ಹೊರಡಿ. ಬಿಸಿಲು ಏರಿದ ಮೇಲೆ ಗಾಡಿಗಳೂ ಜಾಸ್ತಿ, ಪ್ರಾಣಿಗಳೂ ನೆರಳು ಸೇರಿಬಿಡುತ್ತವೆ. 14 ಹೇರ್‌ಪಿನ್ ತಿರುವುಗಳಿವೆ. ಸೆಕೆಂಡ್ ಗೇರಲ್ಲೇ ಇಳಿಯಿರಿ, ಬ್ರೇಕನ್ನೇ ನಂಬಬೇಡಿ. ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ.

ಇನ್ನು ಸಿಂಗಳೀಕ ಅನ್ನೋ ಕೋತಿ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇದಿಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಎತ್ತರದ ಮರಗಳ ಮೇಲೆ ಹಣ್ಣು ತಿಂದುಕೊಂಡಿರಬೇಕಾದ ಪ್ರಾಣಿ ರಸ್ತೆ ಬದಿಗೆ ಬಂದು ಕೂರುವುದಕ್ಕೆ ಕಾರಣ ನಾವು ಎಸೆಯುವ ಚಿಪ್ಸು, ಬಾಳೆಹಣ್ಣು. ಆಮೇಲೆ ಗಾಡಿಗೆ ಸಿಕ್ಕಿ ಸಾಯುತ್ತವೆ. ದಯವಿಟ್ಟು ಏನೂ ಹಾಕಬೇಡಿ, ಕಿಟಕಿ ಏರಿಸಿಡಿ. ಮಗು ಹಟ ಮಾಡಿತು ಅನ್ನೋದು ನೆಪ, ಅಷ್ಟೇ!

ಪ್ರಾಣಿ, ಹಕ್ಕಿ ನೋಡಬೇಕಿದ್ದರೆ ತಿರುವಿನಲ್ಲಿ ನಿಲ್ಲಿಸದೆ, ಅಗಲ ಜಾಗ ನೋಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಹಾಡೂ ಬೇಡ. ಕೊಂಬೆಯಿಂದ ಉದ್ದ ಬಾಲ ಇಳಿಬಿದ್ದಿದ್ದರೆ ಅದು ಕೆಂಜಳಿಲು ಇರಬಹುದು. ಮೇಲೆ ಜೋರಾಗಿ ರೆಕ್ಕೆ ಬೀಸುವ ಸದ್ದು ಬಂದರೆ ಮಂಗಟ್ಟೆ ಹಕ್ಕಿಗಾಗಿ ಹುಡುಕಿ. ಮಳೆಗಾಲದಲ್ಲಿ ಮಂಜು, ಮಣ್ಣು ಕುಸಿತ ಎರಡೂ ಇರುತ್ತೆ. ರಸ್ತೆ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.