ಕಂತುಕಂತಾಗಿ ಕಟ್ಟಿದ ವಿಮಾನ: ಎಂಟೂಮುಕ್ಕಾಲು ವರ್ಷದ ಲೆಕ್ಕ

ಅಮೆರಿಕದ ಓಹಾಯೊ ರಾಜ್ಯದಲ್ಲಿ, ಡೇಟನ್ ನಗರದ ಸಮೀಪ ಇರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನು ಕಟ್ಟಿದ ಎರಡು ಆಸನಗಳ ಆರ್‌ವಿ-9ಎ ವಿಮಾನ 2020ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ನೆಲ ಬಿಟ್ಟಿತು. ಅಂದಿನಿಂದ ಇಂದಿನವರೆಗೆ ಇಲ್ಲಿನ ಕನ್ನಡ ಬಳಗದವರು ನನ್ನನ್ನು ಅತಿ ಹೆಚ್ಚು ಕೇಳಿರುವುದು ದುಡ್ಡಿನ ವಿಷಯ. ನಾನು ಸಂಬಳದ ಮೇಲೆ ಬದುಕುವ ಎಂಜಿನಿಯರ್. ಮನೆಯ ಸಾಲವಿದೆ, ಇಬ್ಬರು ಮಕ್ಕಳ ಓದಿದೆ. ಹೀಗಿದ್ದೂ ವಿಮಾನಕ್ಕೆಂದು ಒಂದು ಡಾಲರ್ ಸಾಲವನ್ನೂ ಮಾಡದೆ ಕೆಲಸ ಮುಗಿಸಿದೆ. ಅದು ಹೇಗೆ ಸಾಧ್ಯವಾಯಿತು, ಎಲ್ಲಿ ಎಡವಿದೆ ಎಂಬುದನ್ನು ನನ್ನ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

2011ರ ಕೊನೆಯಲ್ಲಿ ಈ ಆಸೆಯನ್ನು ಹೆಂಡತಿಯ ಮುಂದಿಟ್ಟಾಗ ಆಕೆ ಬೇಡವೆನ್ನಲಿಲ್ಲ. "ರೀ, ತಿಂಗಳಿಗೆ ಎಷ್ಟು ಅಂತ ಒಂದೇ ಸಲ ಹೇಳಿಬಿಡಿ. ಅದರ ಮೇಲೆ ಆಮೇಲೆ ಕೇಳಬಾರದು," ಎಂದಳು. ತಿಪಟೂರಿನಲ್ಲಿ ನನ್ನ ಅಮ್ಮ ಹಾಗೆಯೇ ತಿಂಗಳು ತಿಂಗಳು ಚೀಟಿ ಕಟ್ಟಿ ಮನೆಗೆ ಹೊಲಿಗೆ ಯಂತ್ರ, ಫ್ರಿಜ್ ತಂದವರು. ಆ ಕ್ರಮವೇ ನನಗೂ ಸರಿಯೆನಿಸಿತು. 2012ರ ಜನವರಿಯಿಂದ ಬೇರೊಂದು ಉಳಿತಾಯ ಖಾತೆಗೆ ತಿಂಗಳಿಗೆ 750 ಡಾಲರ್ ತಾನಾಗಿಯೇ ಹೋಗುವಂತೆ ಮಾಡಿದೆವು. ಖಾತೆಯಲ್ಲಿ ಹಣವಿದ್ದರೆ ಕೊಳ್ಳುವುದು, ಇಲ್ಲದಿದ್ದರೆ ಕಾಯುವುದು ಎಂಬುದಷ್ಟೇ ನಿಯಮ.

ಈ ನಿಯಮ ನಡೆಯುವುದಕ್ಕೆ ಕಿಟ್‌ಗಳನ್ನು, ಅಂದರೆ ನಾವೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಟ್ಟುಗಳನ್ನು, ಮಾರುವ ರೀತಿಯೇ ಮುಖ್ಯ ಕಾರಣ. ಇಡೀ ವಿಮಾನವನ್ನು ಒಂದೇ ಬಾರಿಗೆ ಕೊಳ್ಳಬೇಕಾಗಿಲ್ಲ. ಮೊದಲು ಬಾಲದ ಕಿಟ್, ಆಮೇಲೆ ರೆಕ್ಕೆ, ಅದರ ನಂತರ ಒಡಲು, ಕೊನೆಗೆ ಚಕ್ರ, ಗಾಜಿನ ಮೇಲಾವರಣ ಮೊದಲಾದವುಗಳಿರುವ ಫಿನಿಶಿಂಗ್ ಕಿಟ್ ಎಂದು ಬಿಡಿಬಿಡಿಯಾಗಿ ತರಿಸಿಕೊಳ್ಳಬಹುದು. ಬಾಲದ ಕಿಟ್ ಆಗ ನನಗೆ 2,000 ಡಾಲರಿನ ಒಳಗೇ ಸಿಕ್ಕಿತು. ಅದನ್ನು ಕಟ್ಟಲು ಎಂಟು ತಿಂಗಳು ಹಿಡಿಯಿತು, ಅಷ್ಟರಲ್ಲಿ ರೆಕ್ಕೆಯ ಹಣ ಖಾತೆಯಲ್ಲಿ ಕೂಡಿತ್ತು. ಕೆಲಸದ ವೇಗ ಮತ್ತು ಉಳಿತಾಯದ ವೇಗ ಹೀಗೆ ಹೆಚ್ಚುಕಡಿಮೆ ಒಂದಕ್ಕೊಂದು ಹೊಂದಿಕೊಂಡವು. ಕಾರ್ಖಾನೆಯಲ್ಲೇ ಅರ್ಧ ಜೋಡಿಸಿದ ಕ್ವಿಕ್‌ಬಿಲ್ಡ್ ಕಿಟ್ ಕೊಂಡಿದ್ದರೆ ವರ್ಷಗಳೇ ಉಳಿಯುತ್ತಿದ್ದವು, ಆದರೆ ಹಲವು ಸಾವಿರ ಡಾಲರ್‌ಗಳನ್ನು ಬೇಗನೆ ಒಟ್ಟಿಗೆ ಕೊಡಬೇಕಾಗುತ್ತಿತ್ತು.

ಸಾಲದ ಮಾತನ್ನೂ ಹೇಳಬೇಕು. ಹಾರಲು ಪ್ರಮಾಣಪತ್ರ ದೊರೆಯುವವರೆಗೆ ಗ್ಯಾರೇಜಿನಲ್ಲಿರುವುದು ಕಾನೂನಿನ ಕಣ್ಣಿಗೂ ಸಾಲ ಕೊಡುವವರ ಕಣ್ಣಿಗೂ ಅಲ್ಯುಮಿನಿಯಂ ರಾಶಿಯೇ ಹೊರತು ವಿಮಾನವಲ್ಲ. ಆದ್ದರಿಂದ ಅದನ್ನೇ ಅಡವಿಟ್ಟು ಸಾಲ ಪಡೆಯುವುದು ಬಲು ಕಷ್ಟ. ಉಳಿದ ದಾರಿಗಳೆಂದರೆ ಮನೆಯ ಮೇಲಿನ ಸಾಲ ಇಲ್ಲವೇ 401(ಕೆ) ನಿವೃತ್ತಿ ನಿಧಿಯ ಸಾಲ. ನಿವೃತ್ತಿ ನಿಧಿಯಲ್ಲಿ ನಮ್ಮ ಹಕ್ಕಿನ ಮೊತ್ತದ ಅರ್ಧ ಅಥವಾ 50,000 ಡಾಲರ್, ಯಾವುದು ಕಡಿಮೆಯೋ ಅಷ್ಟನ್ನು ತೆಗೆದು ಐದು ವರ್ಷಗಳಲ್ಲಿ ತೀರಿಸಬೇಕು. ನಡುವೆ ಕೆಲಸ ಬಿಟ್ಟರೆ ಬಾಕಿಯನ್ನು ಬೇಗನೆ ಕಟ್ಟಬೇಕು, ಇಲ್ಲದಿದ್ದರೆ ಅದು ಆದಾಯವೆಂದು ಪರಿಗಣಿತವಾಗಿ ತೆರಿಗೆ ಬೀಳುತ್ತದೆ. ಮುಗಿಯುತ್ತದೆಂಬ ಖಾತ್ರಿಯಿಲ್ಲದ ಕೆಲಸಕ್ಕಾಗಿ ಮನೆಯನ್ನೋ ಮುಪ್ಪಿನ ಹಣವನ್ನೋ ಪಣಕ್ಕಿಡುವುದು ತಪ್ಪೆಂದು ನಾನು ಈಗಲೂ ನಂಬಿದ್ದೇನೆ. ಅರ್ಧಕ್ಕೆ ನಿಂತ ಕಿಟ್‌ಗಳು ಹಾಕಿದ ಹಣಕ್ಕಿಂತ ತೀರ ಕಡಿಮೆ ಬೆಲೆಗೆ ಮಾರಾಟವಾಗುವುದನ್ನು ನಾನೇ ಕಂಡಿದ್ದೇನೆ.

ಮೊದಲ ಅಂದಾಜಿನಲ್ಲಿ 62,000 ಡಾಲರ್ ಎಂದು ಬರೆದಿದ್ದೆ. ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದ್ದು ವಿಮಾನಕ್ಕೂ ಸಲ್ಲುತ್ತದೆ. ರೆಕ್ಕೆಯ ಉದ್ದನೆಯ ಪೆಟ್ಟಿಗೆಯನ್ನು ತರಿಸಿದ ಲಾರಿ ಬಾಡಿಗೆ, ಕೆಡಿಸಿದ ತಗಡಿಗೆ ಬದಲಾಗಿ ಮತ್ತೆ ತರಿಸಿದ ತಗಡು, ಪ್ರೈಮರ್, ಡ್ರಿಲ್ ಬಿಟ್, ಚಳಿಗಾಲದಲ್ಲಿ ಗ್ಯಾರೇಜನ್ನು ಬಿಸಿಯಾಗಿಡುವ ಖರ್ಚು, ಇವು ಯಾವುವೂ ಆ ಹಾಳೆಯಲ್ಲಿರಲಿಲ್ಲ. ಉಪಕರಣಗಳಿಗೆ 2,800 ಡಾಲರ್ ಆಯಿತು. ಕೆಲಸ ಮುಗಿಸಿದವರಿಂದ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯುವ ರಿವೆಟ್ ಗನ್, ಮೊಳೆಯ ಹಿಂಬದಿಗೆ ಒತ್ತಿ ಹಿಡಿಯುವ ಬಕಿಂಗ್ ಬಾರ್, ತಗಡುಗಳನ್ನು ತಾತ್ಕಾಲಿಕವಾಗಿ ಕೂಡಿಸಿಡುವ ನೂರಾರು ಕ್ಲೆಕೊಗಳನ್ನು ಹಳೆಯ ಬೆಲೆಗೆ ಕೊಂಡು, ನನ್ನ ಕೆಲಸ ಮುಗಿದ ಮೇಲೆ ಮುಂದಿನವರಿಗೆ 1,200 ಡಾಲರಿಗೆ ಮಾರಿದೆ. ಆದರೆ ಬೋಲ್ಟು ನಟ್ಟುಗಳಲ್ಲಿ ಮಾತ್ರ ಎಂದೂ ಉಳಿಸಲು ಹೋಗಲಿಲ್ಲ. ವಿಮಾನದ ದರ್ಜೆಯದನ್ನು ಬಿಟ್ಟು ಹಾರ್ಡ್‌ವೇರ್ ಅಂಗಡಿಯ ಬೋಲ್ಟನ್ನು ಹಾಕುವುದು ಉಳಿತಾಯವೇ ಅಲ್ಲ. ಮನೆಯಲ್ಲೇ ವಿಮಾನ ಕಟ್ಟುವವರಿಗಾಗಿ 1953ರಲ್ಲಿ ಆರಂಭವಾದ ಇಎಎ ಸಂಸ್ಥೆಯ ತಾಂತ್ರಿಕ ಸಲಹೆಗಾರರು ಗ್ಯಾರೇಜಿಗೆ ಬಂದು, ಒಂದು ಕಾಸೂ ಪಡೆಯದೆ, ನನ್ನ ರಿವೆಟ್‌ಗಳನ್ನು ಒಂದೊಂದಾಗಿ ನೋಡಿ ತಿದ್ದಿದರು. ಆ ಉಪಕಾರಕ್ಕೆ ಬೆಲೆ ಕಟ್ಟಲಾರೆ.

ನಾನು ಎಡವಿದ್ದು ಎಂಜಿನ್ನಿನ ವಿಷಯದಲ್ಲಿ. ಒಡಲಿನ ಕೆಲಸ ಇನ್ನೂ ಅರ್ಧದಲ್ಲಿದ್ದಾಗ, 160 ಅಶ್ವಶಕ್ತಿಯ ಹಳೆಯ ಲೈಕಮಿಂಗ್ ಓ-320 ಎಂಜಿನ್ 9,000 ಡಾಲರಿಗೆ ಸಿಗುತ್ತದೆಂದು ತಿಳಿದು, ಹೊಸದಕ್ಕೆ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಕೊಡಬೇಕಲ್ಲ ಎಂದು ಆತುರಪಟ್ಟು ಕೊಂಡುಬಿಟ್ಟೆ. ದಾಖಲೆಯ ಪ್ರಕಾರ ಅದು ಓಡಿದ ಗಂಟೆಗಳು ಕಡಿಮೆಯೇ. ನಾನು ಗಮನಿಸದೆ ಹೋದದ್ದು ಅದು ಎಷ್ಟು ವರ್ಷ ಓಡದೆ ನಿಂತಿತ್ತು ಎಂಬುದನ್ನು. ಲೈಕಮಿಂಗ್ ಎಂಜಿನ್ನುಗಳಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎಂಬ ದಂಡ ಮೇಲ್ಭಾಗದಲ್ಲಿ, ಎಂಜಿನ್ನಿನ ಮುಖ್ಯ ತಿರುಗು ದಂಡವಾದ ಕ್ರ್ಯಾಂಕ್‌ಶಾಫ್ಟಿಗಿಂತ ಎತ್ತರದಲ್ಲಿ ಇರುತ್ತದೆ. ಎಂಜಿನ್ ಬಹುಕಾಲ ಸುಮ್ಮನೆ ನಿಂತರೆ ಅದರ ಮೇಲಿನ ಎಣ್ಣೆ ಕೆಳಗಿಳಿದು ಲೋಹ ಬರಿದಾಗಿ ತುಕ್ಕು ಹಿಡಿಯುತ್ತದೆ. ಬಿಚ್ಚಿ ನೋಡಿದಾಗ ನನ್ನದರಲ್ಲಿ ಆಗಿದ್ದುದೂ ಅದೇ. ಪೂರ್ತಿ ಬಿಚ್ಚಿ, ಕೆಟ್ಟ ಭಾಗ ಬದಲಿಸಿ ಮತ್ತೆ ಜೋಡಿಸುವ ಓವರ್‌ಹಾಲ್‌ಗೆ 11,500 ಡಾಲರ್ ಬೇಕಾಯಿತು, ಒಟ್ಟು 20,500. ಹೊಸದಕ್ಕಿಂತ ಉಳಿದದ್ದು ಅಲ್ಪವೇ. ಜೊತೆಗೆ ಖಾತೆ ಬರಿದಾಗಿ ಫಿನಿಶಿಂಗ್ ಕಿಟ್ ತರಿಸಲು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಹಳೆಯ ಎಂಜಿನ್ ಕೊಳ್ಳುವವರು ಓವರ್‌ಹಾಲ್‌ನ ಖರ್ಚನ್ನೂ ಸೇರಿಸಿಯೇ ಬೆಲೆ ಎಣಿಸಬೇಕು, ಅದಕ್ಕೆ ಹೊಂದದಿದ್ದರೆ ಬಿಟ್ಟುಬಿಡಬೇಕು.

ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಮಾತ್ರ ಕಾದದ್ದು ಫಲಿಸಿತು. 2013ರಲ್ಲೇ ಅವುಗಳ ಆಸೆ ಹುಟ್ಟಿತ್ತು. ಕೊಂಡಿದ್ದರೆ ವಾರಂಟಿ ಪೆಟ್ಟಿಗೆಯಲ್ಲೇ ಕಳೆದುಹೋಗುತ್ತಿತ್ತು, ಅಲ್ಲದೆ 2020ರ ಜನವರಿ 1ರಿಂದ ಹೆಚ್ಚಿನ ನಿಯಂತ್ರಿತ ವಾಯುಪ್ರದೇಶಗಳಲ್ಲಿ ಕಡ್ಡಾಯವಾದ, ವಿಮಾನ ಎಲ್ಲಿದೆಯೆಂದು ತಾನಾಗಿಯೇ ಪ್ರಸಾರ ಮಾಡುವ ಎಡಿಎಸ್-ಬಿ ಔಟ್ ಸಾಧನಕ್ಕಾಗಿ ಮತ್ತೆ ಹಣ ಹೂಡಬೇಕಾಗುತ್ತಿತ್ತು. 2019ರಲ್ಲಿ ಎಲ್ಲವನ್ನೂ ಒಟ್ಟಿಗೆ 17,000 ಡಾಲರಿಗೆ ಕೊಂಡೆ.

ಕೊನೆಯ ವರ್ಷದಲ್ಲಿ ಖರ್ಚು ಒಂದರ ಹಿಂದೆ ಒಂದು ಬರುತ್ತದೆ. ರೆಕ್ಕೆ ಜೋಡಿಸಿದ ಮೇಲೆ ವಿಮಾನ ಗ್ಯಾರೇಜಿನಲ್ಲಿ ಹಿಡಿಯದು. ವಿಮಾನ ನಿಲ್ದಾಣದಲ್ಲಿ ವಿಮಾನ ಇಡುವ ಹ್ಯಾಂಗರ್‌ಗೆ ತಿಂಗಳಿಗೆ 210 ಡಾಲರಿನಂತೆ 14 ತಿಂಗಳು ಬಾಡಿಗೆ ಕೊಟ್ಟೆ. ಮೊದಲ ವರ್ಷದ ವಿಮೆಗೆ 1,900, ತಪಾಸಣೆಗೆ 600 ಡಾಲರ್. ಅನುಮತಿ ದೊರೆತ ಮೇಲೂ ನಿಗದಿತ ಪ್ರದೇಶದೊಳಗೆ 40 ಗಂಟೆ ಪರೀಕ್ಷಾ ಹಾರಾಟ ಮಾಡಬೇಕಿತ್ತು. ಅದರ ಇಂಧನಕ್ಕೆ ಸುಮಾರು 1,400 ಡಾಲರ್ ಆಯಿತು. ಇದನ್ನು ಮೊದಲೇ ಎತ್ತಿಡದವರು ಅಗತ್ಯದ ಪರೀಕ್ಷೆಗಳನ್ನೇ ಮೊಟಕುಗೊಳಿಸುವ ಅಪಾಯವಿದೆ, ಆ ಕಾರಣಕ್ಕೆ ಈ ಮೊತ್ತವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ.

ಈ ಇಂಧನವನ್ನು ಬಿಟ್ಟು ಒಟ್ಟು ತಗಲಿದ್ದು 81,740 ಡಾಲರ್. 105 ತಿಂಗಳಲ್ಲಿ ಖಾತೆಗೆ ಹೋಗಿದ್ದು 78,750. ಉಳಿದದ್ದನ್ನು ಉಪಕರಣ ಮಾರಿದ ಹಣ ಮತ್ತು ತೆರಿಗೆಯ ಮರುಪಾವತಿ ತುಂಬಿದವು. ನನ್ನ ದುಡಿಮೆಯ ಗಂಟೆಗಳಿಗೆ ಇದರಲ್ಲಿ ಬೆಲೆಯಿಲ್ಲ. ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಯೇ ಕಲಿಕೆಗಾಗಿ ಇಲ್ಲವೇ ಸಂತೋಷಕ್ಕಾಗಿ ಮಾಡಿರಬೇಕೆಂಬುದು ಇಲ್ಲಿನ ಕಾನೂನು. ಅದಕ್ಕೆ ಪ್ರತಿಯಾಗಿ ಕಟ್ಟಿದವನಿಗೆ ರಿಪೇರ್‌ಮನ್ ಪ್ರಮಾಣಪತ್ರ ದೊರೆಯುತ್ತದೆ, ನನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ನಾನೇ ಮಾಡಿ ಸಹಿ ಹಾಕುತ್ತೇನೆ. ಖಾತೆಯನ್ನು ಮುಚ್ಚಿಲ್ಲ. ಈಗ ತಿಂಗಳಿಗೆ 450 ಡಾಲರ್ ಹೋಗುತ್ತದೆ, ಹಾರಿದ ಪ್ರತಿ ಗಂಟೆಗೆ 15 ಡಾಲರನ್ನು ಎಂಜಿನ್ನಿನ ಮುಂದಿನ ಓವರ್‌ಹಾಲ್‌ಗೆಂದು ಅದರಲ್ಲೇ ಬೇರೆ ಸಾಲಿನಲ್ಲಿ ಬರೆದಿಡುತ್ತೇನೆ.