ಹದಿನೈದಾ, ಐವತ್ತಾ? ಬಳ್ಳಾರಿಯಲ್ಲಿದ್ದುಕೊಂಡೇ ನಾನು ಇಂಗ್ಲಿಷ್ ಮಾತಾಡಲು ಕಲಿತದ್ದು

ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ಆರ್ಡರ್ ಬರೆದುಕೊಳ್ಳುವುದು, ಬಿಲ್ ಹಾಕುವುದು, ಪಾರ್ಸಲ್ ಹೋಯಿತೋ ಇಲ್ಲವೋ ನೋಡುವುದು ನನ್ನ ಕೆಲಸ. ಆಂಧ್ರದ ಪಾರ್ಟಿಗಳ ಜೊತೆ ತೆಲುಗು ನಡೆಯುತ್ತದೆ, ಮಹಾರಾಷ್ಟ್ರದವರ ಜೊತೆ ಹಿಂದಿ. ಕೇರಳದ ಫೋನ್ ಬಂದರೆ ಮಾತ್ರ ಇಂಗ್ಲಿಷೇ ಗತಿ. ನಾನು ಕುರುಗೋಡಿನಲ್ಲಿ ಕನ್ನಡ ಮೀಡಿಯಂ ಓದಿದವಳು. ಬಿ.ಕಾಂ. ಮುಗಿದಿತ್ತು, ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು. ಬಾಯಿಬಿಟ್ಟು ಆಡಿ ರೂಢಿ ಇರಲಿಲ್ಲ.

ಒಂದು ವರ್ಷ ಓಣಂಗೆ ಮುಂಚೆ ಕೋಯಿಕ್ಕೋಡ್‌ನ ಪಾರ್ಟಿ ಫೋನ್ ಮಾಡಿ ‘ಫಿಫ್ಟಿ ಡಜನ್’ ಅಂದರು. ನನಗೆ ಕೇಳಿಸಿದ್ದು ‘ಫಿಫ್ಟೀನ್’. 600 ಪ್ಯಾಂಟ್ ಹೋಗಬೇಕಾದ ಕಡೆ 180 ಹೋದವು. ಉಳಿದ 420 ಹೊಲಿದು, ವಾಷಿಂಗ್ ಮುಗಿಸಿ, ಲಾರಿಗೆ ಹಾಕುವ ಹೊತ್ತಿಗೆ ಹಬ್ಬ ದಾಟಿತ್ತು. ಅವರು ಮಾಲು ಬೇಡ ಅಂದರು. ನಮ್ಮ ಮಾಲೀಕರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಅಣ್ಣ ಬೈಯಲಿಲ್ಲ. ‘ಇನ್ನೊಂದ್ಸಲ ಕೇಳಬೇಕಿತ್ತಲ್ಲಮ್ಮ’ ಅಂದರು, ಅಷ್ಟೇ. ಇನ್ನೊಂದು ಸಲ ಕೇಳುವುದಕ್ಕೆ ನನ್ನ ಬಾಯಲ್ಲಿ ವಾಕ್ಯವೇ ಇರಲಿಲ್ಲ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ಎರಡು ತಿಂಗಳು ಹೋದೆ. ಬೋರ್ಡಿನ ಮೇಲೆ ಟೆನ್ಸ್ ಬರೆಸಿದರು, ನಾವು ಬರೆದುಕೊಂಡೆವು. ಅಲ್ಲಿ ಮಾತು ಅವರದ್ದೇ.

ಆಮೇಲೆ ನಾನೇ ಕೂತು ಯೋಚಿಸಿದೆ: ಕಿವಿ ಎಲ್ಲಿ ತಪ್ಪಿತು? ಕನ್ನಡದಲ್ಲಿ ಸ್ವರವನ್ನು ಎಳೆದರೆ ಅರ್ಥ ಬದಲಾಗುತ್ತದೆ; ‘ಬಳೆ’ ಬೇರೆ, ‘ಬಾಳೆ’ ಬೇರೆ. ಇಂಗ್ಲಿಷಿನಲ್ಲಿ ಎಳೆತದ ಜೊತೆಗೆ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದೂ ಮುಖ್ಯ. ‘ಫಿಫ್ಟಿ’ಯಲ್ಲಿ ಮೊದಲ ತುಂಡಿನ ಮೇಲೆ ಜೋರು, ಬಾಲ ಚಿಕ್ಕದು. ‘ಫಿಫ್ಟೀನ್’ ಅನ್ನು ಬಿಡಿಯಾಗಿ ಹೇಳಿದರೆ ಜೋರು ಕೊನೆಯ ತುಂಡಿಗೆ ಹೋಗುತ್ತದೆ. ಫೋನಿನಲ್ಲಿ ಕೊನೆಯ ‘ನ್’ ಸುಲಭವಾಗಿ ನುಂಗಿಹೋಗುತ್ತದೆ, ಅದನ್ನೇ ನಂಬಿಕೊಂಡರೆ ಕೆಟ್ಟೆವು. ಇದನ್ನು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ ಅನ್ನುವ ಸಂಕಟ ಈಗಲೂ ಇದೆ.

ಆಕಾಶವಾಣಿಯಲ್ಲಿ ರಾತ್ರಿ 9ಕ್ಕೆ 15 ನಿಮಿಷದ ಇಂಗ್ಲಿಷ್ ವಾರ್ತೆ ಬರುತ್ತದೆ. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ದಿನಕ್ಕೆ ಎರಡೇ ಎರಡು ವಾಕ್ಯ ಹಿಡಿದೆ. ಓದುವವರು ಎಲ್ಲಿ ಒತ್ತುತ್ತಾರೆ, ಎಲ್ಲಿ ತೇಲಿಸುತ್ತಾರೆ ಎಂದು ಕೇಳಿ, ಅವರ ಹಿಂದೆಯೇ ಹೇಳಿ, ನನ್ನ ದನಿಯನ್ನೂ ರೆಕಾರ್ಡ್ ಮಾಡಿ, ಎರಡನ್ನೂ ಒಂದಾದ ಮೇಲೊಂದು ಕೇಳುವುದು. ವಾರ್ತೆ ಓದುವವರೂ ನಮ್ಮ ದೇಶದವರೇ. ನಾನು ಮಾತಾಡಬೇಕಾದ್ದು ಕೋಯಿಕ್ಕೋಡಿನವರ ಜೊತೆ, ಲಂಡನ್ನಿನವರ ಜೊತೆ ಅಲ್ಲ. ಆ ಇಂಗ್ಲಿಷ್ ನನಗೆ ಧಾರಾಳ ಸಾಕು.

ಮೊಬೈಲಿನ ವಾಯ್ಸ್ ಟೈಪಿಂಗ್ ಇನ್ನೊಬ್ಬ ಮೇಷ್ಟ್ರು. ನಮಗೆ ‘ವ’ ಒಂದೇ. ಇಂಗ್ಲಿಷಿನ ‘ವೆಸ್ಟ್’ ಎರಡು: ಬನಿಯನ್ನಿನ ‘ವೆಸ್ಟ್’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮದ ‘ವೆಸ್ಟ್’ಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಹೇಳಿ, ಮೊಬೈಲ್ ಯಾವುದನ್ನು ಬರೆಯಿತು ಎಂದು ನೋಡುತ್ತಿದ್ದೆ. ಆದರೆ ಬಿಡಿ ಪದ ಹೇಳಿಯೇ ಪರೀಕ್ಷಿಸಬೇಕು. ಪೂರ್ತಿ ವಾಕ್ಯ ಹೇಳಿದರೆ ಅದು ಅಕ್ಕಪಕ್ಕದ ಪದ ನೋಡಿ ಊಹಿಸಿ ಸರಿಯಾಗಿಯೇ ಬರೆದುಬಿಡುತ್ತದೆ, ನಮ್ಮ ತಪ್ಪು ಮುಚ್ಚಿಹೋಗುತ್ತದೆ.

ಇಷ್ಟಾದರೂ ಎದುರಿಗೊಬ್ಬರು ಬೇಕಲ್ಲ. ಪ್ಯಾಕಿಂಗ್ ನೋಡಿಕೊಳ್ಳುವ ಹುಡುಗಿಯೂ ನಾನೂ ಬೆಳಗ್ಗೆ ರಾಯಲ್ ಸರ್ಕಲ್ ಹತ್ತಿರ ಬಸ್ ಇಳಿಯುತ್ತಿದ್ದೆವು. ‘ಅಕ್ಕಾ, ಇಲ್ಲಿಂದ ಯೂನಿಟ್ ತನಕ ಕನ್ನಡ ಬಂದ್’ ಅಂತ ಅವಳೇ ಶುರು ಮಾಡಿದಳು. ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು. ಒಗ್ಗರಣಿ ಮಿರ್ಚಿ ಅನ್ನುವ ತಿಂಡಿಯ ಹೆಸರನ್ನು ಮಾತ್ರ ಕನ್ನಡದಲ್ಲೇ ಬಿಟ್ಟೆವು. ‘ಕಾಜಾ’ಕ್ಕೆ ‘ಬಟನ್‌ಹೋಲ್’ ಸಿಗಲು ಎರಡು ದಿನ ಬೇಕಾಯಿತು.

ನಡೆಯುತ್ತಾ ಒಂದು ವಿಷಯ ಗಮನಕ್ಕೆ ಬಂತು: ನಾವಿಬ್ಬರೂ ತಡವರಿಸುತ್ತಿದ್ದುದು ಒಂದೇ ಕಡೆ. ‘ಪಾರ್ಸಲ್ ನಿನ್ನೆ ಸಂಜೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕ್ ಮಾಡಿದೀವಿ’ ಅನ್ನುವಾಗ ಮಾಡಿದ ಕೆಲಸ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲೂ ಪಾರ್ಸಲ್ಲಿನಿಂದ ಶುರು ಮಾಡಿ ಸಿಕ್ಕಿಹಾಕಿಕೊಳ್ಳುತ್ತಿದ್ದೆವು. ಯಾರು, ಏನು ಮಾಡಿದರು ಅನ್ನುವುದನ್ನು ಮೊದಲು ಹೇಳಿಬಿಡಬೇಕು ಎಂದು ನಿಯಮ ಮಾಡಿಕೊಂಡೆವು. ‘ವಿ ಬುಕ್ಡ್’ ಅಂದುಬಿಟ್ಟರೆ ಪಾರ್ಸಲ್, ಆಫೀಸು, ನಿನ್ನೆ ಸಂಜೆ ಎಲ್ಲ ತಾವಾಗಿ ಹಿಂದೆ ಬರುತ್ತವೆ. ನನಗೆ ಎಲ್ಲಕ್ಕಿಂತ ಹೆಚ್ಚು ಕೈಹಿಡಿದದ್ದು ಇದೊಂದೇ.

ಕಲಿಯುವವರಿಬ್ಬರೇ ಮಾತಾಡಿಕೊಂಡರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ, ಅದೂ ನಿಜ. ‘ಇವತ್ತು ಬೆಳಗ್ಗೆ’ಯನ್ನು ಎಷ್ಟೋ ತಿಂಗಳು ‘ಟುಡೇ ಮಾರ್ನಿಂಗ್’ ಅಂದೆವು. ವಾರ್ತೆಯಲ್ಲಿ ‘ದಿಸ್ ಮಾರ್ನಿಂಗ್’ ಕೇಳಿದ ಮೇಲೆ ತಿದ್ದಿಕೊಂಡೆವು. ‘ಡಿಸ್ಕಸ್ ಅಬೌಟ್’ ಕೂಡ ಹಾಗೇ, ಅಲ್ಲಿ ‘ಅಬೌಟ್’ ಬೇಡ. ಆರ್ಡರ್ ಬುಕ್ಕಿನ ಹಿಂದಿನ ಪುಟದಲ್ಲಿ ಇಂಥವನ್ನು ಬರೆದಿಟ್ಟಿದ್ದೇನೆ, ಫೋನ್ ಎತ್ತುವ ಮುಂಚೆ ಒಮ್ಮೆ ಕಣ್ಣಾಡಿಸುತ್ತೇನೆ.

ಈಗ ಆರ್ಡರ್ ಬಂದರೆ ನಾನೇ ತಿರುಗಿ ಓದಿ ಹೇಳುತ್ತೇನೆ: ‘ಫಿಫ್ಟಿ, ಫೈವ್ ಝೀರೋ, ಕರೆಕ್ಟ್ ಸಾರ್?’ ಕೋಯಿಕ್ಕೋಡಿನವರು ಮತ್ತೆ ಮಾಲು ತರಿಸುತ್ತಿದ್ದಾರೆ, ಅವರೂ ಅಂಕಿಗಳನ್ನು ಬಿಡಿಸಿಯೇ ಹೇಳುತ್ತಾರೆ. ವಾಪಸ್ ಬಂದ ಮಾಲಿನ ಬಗ್ಗೆ ಗಟ್ಟಿಯಾಗಿ ವಾದ ಮಾಡುವುದು ಮಾತ್ರ ಇನ್ನೂ ಬಂದಿಲ್ಲ. ಈ ವಾರ ರಾಯಲ್ ಸರ್ಕಲ್‌ನಿಂದ ನಡೆಯುವಾಗ ಅದೇ ನಡೆದಿದೆ: ಅವಳು ಪಾರ್ಟಿ, ಝಿಪ್ ಸರಿಯಿಲ್ಲ ಅಂತಾಳೆ, ನಾನು ಫೋಟೋ ಕಳಿಸಿ ಅಂತೀನಿ.